ಎದೆಯ ಲೆಕ್ಕ

ಗಡಿಯಾರವಾದದ್ದು ಗಂಟೆ ತೋರಿಸಬೇಕು. ಅದು ಅದರ ಧರ್ಮ. ನಮ್ಮ ತಂದೆಯ ಕಾಲದ ಗೋಡೆ ಗಡಿಯಾರ ಆ ಧರ್ಮವನ್ನೂ ನೆಟ್ಟಗೆ ಪಾಲಿಸುತ್ತಿರಲಿಲ್ಲ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಆದರೂ ಒಂದು ಮಾತು ಒಪ್ಪಬೇಕು: ಅದು ನಮ್ಮ ಮನೆಯ ಗುಟ್ಟನ್ನು ಯಾರ ಮುಂದೆಯೂ ಆಡುತ್ತಿರಲಿಲ್ಲ. ಈಗ ನನ್ನ ಕೈಗೆ ಬಂದ ಗಡಿಯಾರದ ಸ್ವಭಾವವೇ ಬೇರೆ. ಬೆಂಗಳೂರಿನಲ್ಲಿ ಕಂಪ್ಯೂಟರು ಕೆಲಸದಲ್ಲಿರುವ ನನ್ನ ಅಕ್ಕನ ಮಗ ಕಳೆದ ಯುಗಾದಿಗೆ ಹುಣಸೂರಿಗೆ ಬಂದಾಗ, "ಮಾವ, ನಲವತ್ತು ದಾಟಿದವರಿಗೆ ಇದು ಇರಬೇಕು" ಎಂದು ಅದನ್ನು ನನ್ನ ಎಡಗೈಗೆ ಕಟ್ಟಿಹೋದ. ಗಂಟೆ ತೋರಿಸುವುದು ಅದಕ್ಕೆ ಉಪವೃತ್ತಿ, ಮುಖ್ಯವೃತ್ತಿ ಬೇಹುಗಾರಿಕೆ. ರಾತ್ರಿಯೆಲ್ಲ ಮಣಿಕಟ್ಟಿನ ಚರ್ಮದೊಳಕ್ಕೆ ಹಸುರು ಬೆಳಕು ಬಿಟ್ಟು, ನೆತ್ತರು ಏರಿ ಇಳಿಯುವುದನ್ನು ಎಣಿಸಿ, ಬೆಳಗಾಗುತ್ತಲೇ ಒಂದು ಅಂಕಿಯನ್ನು ಕಣ್ಣ ಮುಂದೆ ಹಿಡಿಯುತ್ತದೆ. ಇಪ್ಪತ್ತು ವರ್ಷ ಹುಡುಗರ ಉತ್ತರಪತ್ರಿಕೆಗೆ ಅಂಕ ಹಾಕಿದ ಮೇಷ್ಟರಿಗೆ ಈಗ ದಿನವೂ ಬೆಳಿಗ್ಗೆ ಅಂಕ ಹಾಕುವವರೊಬ್ಬರು ಸಿಕ್ಕಿದರು!

ಆ ಅಂಕಿ ನಾಡಿಯ ಬಡಿತದ ಸಂಖ್ಯೆಯಲ್ಲ. ಅದಾಗಿದ್ದರೆ ನನಗೂ ಅರ್ಥವಾಗುತ್ತಿತ್ತು. ಬಡಿತ ಬಡಿತಗಳ ನಡುವಿನ ಬಿಡುವು ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ ಅದು. ಆರೋಗ್ಯವಂತನ ಎದೆ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಅದು ನಿಜವಲ್ಲ. ನಿಮಿಷಕ್ಕೆ ಅರವತ್ತು ಸಲ ಬಡಿಯುವ ಎದೆ ಸರಿಯಾಗಿ ಸೆಕೆಂಡಿಗೊಂದರಂತೆ ಬಡಿಯುವುದಿಲ್ಲ; ಒಂದು ಬಿಡುವು 960 ಮಿಲಿಸೆಕೆಂಡಾದರೆ ಮುಂದಿನದು 1030, ಅದರ ಮುಂದಿನದು 990. ಉಸಿರನ್ನು ಒಳಕ್ಕೆ ಎಳೆದುಕೊಂಡಾಗ ಬಡಿತ ಒಂದಿಷ್ಟು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವಾಚಕರು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ನೀಳವಾಗಿ ಉಸಿರಾಡಿ ಇದನ್ನು ಈಗಲೇ ಪರೀಕ್ಷಿಸಬಹುದು. ಜರ್ಮನಿಯ ಕಾರ್ಲ್ ಲುಡ್ವಿಗ್ ಎಂಬ ಪಂಡಿತ 1847ರಲ್ಲಿಯೇ ಇದನ್ನು ಯಂತ್ರದಿಂದ ಗೆರೆ ಎಳೆಸಿ ತೋರಿಸಿದ್ದ. ಈ ಏರಿಳಿತ ಧಾರಾಳವಾಗಿದ್ದರೆ ಎದೆ ನೆಮ್ಮದಿಯಾಗಿದೆ ಎಂದು ಅರ್ಥ. ಬಡಿತ ಲೋಹದ ಕಡ್ಡಿಯಂತೆ ಬಿಗಿಯಾಯಿತೋ, ಒಳಗೆ ಏನೋ ಒತ್ತಡವಿದೆ ಎಂದು ತಿಳಿಯಬೇಕು.

ಕಾರಣ ಸೊಗಸಾಗಿದೆ. ಎದೆಗೆ ತನ್ನಷ್ಟಕ್ಕೆ ತಾನೇ ಬಡಿಯುವ ಶಕ್ತಿಯಿದೆ. ನರಗಳ ಹಿಡಿತವೇ ಇಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು ನೂರು ಸಲ ಓಡುತ್ತದೆ. ಅದನ್ನು ಎಪ್ಪತ್ತಕ್ಕೆ ಎಳೆದು ನಿಲ್ಲಿಸುವುದು ಮಿದುಳಿನ ಬುಡದಿಂದ ಹೊರಟು ಗಂಟಲು, ಎದೆ, ಹೊಟ್ಟೆಗಳನ್ನೆಲ್ಲ ಸುತ್ತುವ ವೇಗಸ್ ಎಂಬ ನರ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಲೆಮಾರಿ ಎಂದು ಅರ್ಥವಂತೆ. ಅಪಾಯ ಕಂಡಾಗ ಎತ್ತಿಗೆ ಚಾವಟಿ ಬೀಸುವ ಇನ್ನೊಂದು ನರಮಂಡಲವೂ ಇದೆ. ಒಳ್ಳೆಯ ಗಾಡಿಯವನು ಚಾವಟಿಗಿಂತ ಹಗ್ಗವನ್ನು ನೆಚ್ಚುತ್ತಾನೆ. ಕ್ಷಣಕ್ಷಣಕ್ಕೂ ಒಂದಿಷ್ಟು ಜಗ್ಗಿ, ಒಂದಿಷ್ಟು ಬಿಟ್ಟು, ಎತ್ತಿನೊಡನೆ ಮಾತಾಡುತ್ತ ಹೋಗುತ್ತಾನೆ. ನನ್ನ ಗಡಿಯಾರ ಬೆಳಿಗ್ಗೆ ತೋರಿಸುವುದು ಆ ಹಗ್ಗ ಜೀವಂತವಾಗಿದೆಯೇ ಇಲ್ಲವೇ ಎಂಬುದನ್ನು. 1921ರಲ್ಲಿ ಓಟ್ಟೊ ಲೋವಿ ಎಂಬಾತ ಎರಡು ಕಪ್ಪೆಗಳ ಹೃದಯಗಳನ್ನು ತೆಗೆದುಕೊಂಡು, ಒಂದರ ವೇಗಸ್ ನರವನ್ನು ಕೆಣಕಿ ಬಡಿತ ತಗ್ಗಿಸಿ, ಅದು ಮಿಂದ ದ್ರವವನ್ನು ಎರಡನೆಯದಕ್ಕೆ ಸುರಿದ. ಅದರ ಬಡಿತವೂ ತಗ್ಗಿತು. ನರ ಮಾತಾಡುವುದು ಒಂದು ರಸದ ಮೂಲಕ ಎಂದು ಹೀಗೆ ಗೊತ್ತಾಯಿತು. ಈ ಪ್ರಯೋಗ ಅವನಿಗೆ ಹೊಳೆದದ್ದು ಕನಸಿನಲ್ಲಂತೆ. 1936ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಮಾತ್ರ ಎಚ್ಚರದಲ್ಲಿಯೇ.

ನಮ್ಮವರಿಗೆ ಇದು ಗೊತ್ತಿರಲಿಲ್ಲವೆ? ಒಂದು ಬಗೆಯಲ್ಲಿ ಗೊತ್ತಿತ್ತು. ನಾನು ಮೊದಲು ಕೆಲಸಕ್ಕೆ ಸೇರಿದ್ದು ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿಂದಾಚೆ ಸರಗೂರಿನ ಕಡೆಯ ಒಂದು ಹಳ್ಳಿಯಲ್ಲಿ ನಾಡಿ ಹಿಡಿಯುವ ಮುದುಕರೊಬ್ಬರಿದ್ದರು. ಜ್ವರವೆಂದು ಹೋದರೆ, ಕಣ್ಣು ಮುಚ್ಚಿ ಮೂರು ಬೆರಳಿಟ್ಟು, ಹಾವಿನಂತೆ ಹರಿಯುತ್ತದೆ, ಕಪ್ಪೆಯಂತೆ ಕುಪ್ಪಳಿಸುತ್ತದೆ, ಹಂಸದಂತೆ ನಡೆಯುತ್ತದೆ ಎನ್ನುತ್ತಿದ್ದರು. ಶಾರ್ಙ್ಗಧರ ಸಂಹಿತೆಯ ಉಪಮೆಗಳು ಇವು. ನಾನು ಒಳಗೊಳಗೇ ನಗುತ್ತಿದ್ದೆ. ಈಗ ಅನ್ನಿಸುತ್ತದೆ: ಆ ಮುದುಕರು ಬಡಿತವನ್ನು ಎಣಿಸುತ್ತಿರಲಿಲ್ಲ, ಅದರ ನಡಿಗೆಯನ್ನು ನೋಡುತ್ತಿದ್ದರು. ಲೆಕ್ಕವಲ್ಲ, ಲಯ.

ನಮ್ಮ ಕಾವ್ಯಮೀಮಾಂಸೆಯನ್ನೂ ಒಮ್ಮೆ ನೋಡಿ. ಭರತಮುನಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಬೆವರು, ಪುಲಕ, ನಡುಕ, ಕಣ್ಣೀರು - ಯಾವುದೂ ನಮ್ಮ ಇಚ್ಛೆಯನ್ನು ಕೇಳಿ ಬರುವುದಲ್ಲ. ಎಲ್ಲ ತಾನಾಗಿ ನಡೆಯುವ ನರಗಳ ಕೆಲಸ. ವರ್ಷ ವರ್ಷವೂ ತರಗತಿಯಲ್ಲಿ ಈ ಪಟ್ಟಿಯನ್ನು ಬರೆಸುತ್ತೇನೆ. ಆದರೆ ಈ ಎಂಟರಲ್ಲಿ ಎದೆಯ ಬಡಿತವಿಲ್ಲ ಎಂಬುದು ಈ ವರ್ಷವೇ ನನಗೆ ಹೊಳೆದದ್ದು. ನಾಟ್ಯಕ್ಕೆ ನೋಡುವವರು ಬೇಕು. ಎದೆ ಬಡಿಯುವುದು ಕಾಣುವುದಿಲ್ಲ. ಕಾಣದ್ದನ್ನು ಮುನಿ ಬಿಟ್ಟ. ನಮ್ಮ ಆಡುಮಾತು ಮಾತ್ರ ಬಿಡಲಿಲ್ಲ: ಎದೆ ಝಲ್ಲೆಂದಿತು, ಎದೆ ಡವಗುಟ್ಟಿತು, ಎದೆ ಹಗುರಾಯಿತು, ಎದೆ ಒಡೆಯಿತು. ಈಗ ಗಡಿಯಾರದ ದೆಸೆಯಿಂದ ಅದೂ ಕಾಣುವಂತಾಗಿ, ನನಗೆ ಪೇಚಾಟಕ್ಕಿಟ್ಟುಕೊಂಡಿತು.

ಪೇಚಾಟ ಇದು. ಶನಿವಾರ ಸಂಜೆ ಒಮ್ಮೊಮ್ಮೆ ಎರಡು ಪೆಗ್ಗು ಕುಡಿಯುವ ಅಭ್ಯಾಸ ನನಗಿತ್ತು. ಮನೆಯಲ್ಲಿ ಅದಕ್ಕೆ "ಸಾಹಿತ್ಯ ಪರಿಷತ್ತಿನ ಸಭೆ" ಎಂದು ಹೆಸರು. ಹೆಂಡತಿಗೆ ಗೊತ್ತಿತ್ತೋ ಇಲ್ಲವೋ. ಗಡಿಯಾರಕ್ಕೆ ಮಾತ್ರ ಗೊತ್ತಾಯಿತು. ಉಳಿದ ದಿನ 36, 38 ಎನ್ನುತ್ತಿದ್ದದ್ದು ಭಾನುವಾರ ಬೆಳಿಗ್ಗೆ 20 ಎನ್ನುತ್ತಿತ್ತು; ನಿದ್ರೆಯಲ್ಲಿ ನಾಡಿ ಹತ್ತು ಬಡಿತ ಏರಿರುತ್ತಿತ್ತು. ಗಾಢವಾಗಿ ಮಲಗಿದ್ದೆ ಎಂದು ನಾನು ತಿಳಿದಿದ್ದ ರಾತ್ರಿಯೆಲ್ಲ ಎದೆ ಏರು ಹತ್ತುತ್ತಿತ್ತು. ಗಡಿಯಾರ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಫಿನ್ಲೆಂಡಿನಲ್ಲಿ 4098 ಜನ ನೌಕರರನ್ನು ಹೀಗೆಯೇ ಅಳೆದು 2018ರಲ್ಲಿ ಪ್ರಕಟಿಸಿದ್ದಾರೆ. ನಿದ್ರೆಯ ಮೊದಲ ಮೂರು ಗಂಟೆಗಳಲ್ಲಿ ದೇಹ ಪಡೆಯುವ ವಿಶ್ರಾಂತಿ, ಸ್ವಲ್ಪ ಕುಡಿದವರಲ್ಲಿ ನೂರಕ್ಕೆ 9ರಷ್ಟು, ಮಧ್ಯಮವಾಗಿ ಕುಡಿದವರಲ್ಲಿ 24ರಷ್ಟು, ಹೆಚ್ಚು ಕುಡಿದವರಲ್ಲಿ 39ರಷ್ಟು ಕುಗ್ಗಿತ್ತು. ವ್ಯಾಯಾಮ ಮಾಡುವವರಿಗೂ ಇದರಿಂದ ರಿಯಾಯಿತಿ ಸಿಗಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಮ್ಯೂನಿಕ್ ನಗರದ ಬಿಯರ್ ಜಾತ್ರೆ. 2015ರ ಜಾತ್ರೆಯಲ್ಲಿ ವೈದ್ಯರು ನಡುವೆಯೇ ನಿಂತು, ಕುಡಿದು ಬಂದ ಮೂರು ಸಾವಿರಕ್ಕೂ ಮಿಕ್ಕ ಜನರ ಉಸಿರಿನ ಮದ್ಯವನ್ನೂ ಎದೆಯ ಗೆರೆಯನ್ನೂ ಅಲ್ಲಿಯೇ ಹಿಡಿದರು. ನೂರಕ್ಕೆ ಮೂವತ್ತು ಜನರ ಲಯ ಒಂದಲ್ಲ ಒಂದು ಬಗೆಯಲ್ಲಿ ಕೆಟ್ಟಿತ್ತು. ಹೆಚ್ಚಿನವರಿಗೆ ಬರಿಯ ಓಟ. ಮದ್ಯ ಏರಿದಷ್ಟೂ ಉಸಿರಿನೊಡನೆ ತೂಗುವ ಆ ಸಹಜವಾದ ಏರಿಳಿತ ಇಳಿಯುತ್ತ ಹೋಗಿತ್ತು. ಎಂದರೆ ಮದ್ಯ ಮೊದಲು ಕೈಹಾಕುವುದು ಹಗ್ಗಕ್ಕೆ. ಗಾಡಿಯವನ ಕೈಯಿಂದ ಅದು ಜಾರುತ್ತದೆ, ಎತ್ತು ತನ್ನ ಪಾಡಿಗೆ ಓಡುತ್ತದೆ.

ಇದನ್ನೆಲ್ಲ ಓದಿ ತಿಳಿದೂ ನಾನು ಬಿಟ್ಟೆನೇ? ಇಲ್ಲ. ಶನಿವಾರಗಳಲ್ಲಿ ಗಡಿಯಾರವನ್ನು ಬಿಚ್ಚಿ ಮೇಜಿನೊಳಗೆ ಇಡುತ್ತಿದ್ದೆ.

ನನ್ನ ತಮ್ಮ ಪಿರಿಯಾಪಟ್ಟಣದ ಬಳಿ ಹೊಗೆಸೊಪ್ಪು ಬೆಳೆಯುತ್ತಾನೆ. ಊರಿನಲ್ಲಿ ಉಳಿದವನು ಅವನು. ಜಮೀನನ್ನೂ ಸಾಲವನ್ನೂ ಹೊತ್ತವನು ಅವನು. ಓದಿ ಪಾರಾದವನು ನಾನು. ಹೊಗೆಸೊಪ್ಪಿನ ಬೇಸಾಯ ಕಂಡವರಿಗೆ ಗೊತ್ತು: ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ನಿದ್ರೆಯಿಲ್ಲ. ಕಾವನ್ನು ಮೆಲ್ಲಮೆಲ್ಲನೆ ಏರಿಸಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ಗಂಜಿ ಕಪ್ಪಗಾಗುತ್ತದೆ. ಆಮೇಲೆ ಹರಾಜು. ಬೇಲುಗಳನ್ನು ಸಾಲಾಗಿ ಇಟ್ಟು ರೈತ ಪಕ್ಕದಲ್ಲಿ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಅವನ ಕೈಗೆ ಗಡಿಯಾರ ಕಟ್ಟಿದವರು ಯಾರೂ ಇಲ್ಲ.

ಕಳೆದ ಅಕ್ಟೋಬರಿನ ಒಂದು ದಿನ ತಮ್ಮನ ಜೊತೆಗೆ ನಾನೂ ಹರಾಜಿಗೆ ಹೋಗಿದ್ದೆ. ಬೆಲೆ ಬಂತು, ನೆನೆಸಿದ್ದಕ್ಕಿಂತ ಚೆನ್ನಾಗಿಯೇ ಬಂತು. "ಅಣ್ಣಯ್ಯ, ಈ ವರ್ಷ ಬದುಕ್ದೆ ಕಣಣ್ಣಯ್ಯ" ಎಂದು ಅವನು ನನ್ನ ತೋಳು ಹಿಡಿದುಕೊಂಡಾಗ ಅವನ ಕೈ ನಡುಗುತ್ತಿತ್ತು. ವೇಪಥು! ಸಂತೋಷಕ್ಕೆ ಒಂದು ಬಾಟಲಿ ತಂದೆವು. ತಂದವನು ಅವನು, ದುಡ್ಡು ಕೊಟ್ಟವನು ನಾನು. ನಾನು ಎರಡು ಪೆಗ್ಗಿಗೆ ನಿಲ್ಲಿಸಿದೆ. ಉಳಿದದ್ದು ಅವನ ಪಾಲಾಯಿತು.

ರಾತ್ರಿ ಎರಡು ಗಂಟೆಗೆ ಅವನು ಎದ್ದು ಕುಳಿತ. "ಎದೆ ಒಳಗೆ ಕಪ್ಪೆ ಬಿಟ್ಟಂಗಾಯ್ತದೆ ಅಣ್ಣಯ್ಯ" ಎಂದ. ಸರಗೂರಿನ ಮುದುಕರ ನೆನಪಾಯಿತು. ಕೈ ಹಿಡಿದು ನೋಡಿದೆ. ನಾಡಿಗೆ ತಲೆಬುಡವಿರಲಿಲ್ಲ, ಮೂರು ಬಡಿತ ಒಟ್ಟಿಗೆ ಓಡಿ, ಒಂದು ಎಡವಿ, ಮತ್ತೆ ಎರಡು ನುಗ್ಗುತ್ತಿದ್ದವು. ಹತ್ತಿರದ ಆಸ್ಪತ್ರೆಯಲ್ಲಿ ಎದೆಯ ಗೆರೆ ತೆಗೆದು, ಮೈಸೂರಿಗೆ ಕರೆದೊಯ್ಯಿರಿ ಎಂದರು. ಆ ರಾತ್ರಿಯ ರಸ್ತೆ ನನಗೆ ಅದಕ್ಕೆ ಮುಂಚೆ ಅಷ್ಟು ಉದ್ದವಾಗಿ ಕಂಡಿರಲಿಲ್ಲ.

ಮೈಸೂರಿನ ವೈದ್ಯರು ವಯಸ್ಸಿನಲ್ಲಿ ನನ್ನ ಶಿಷ್ಯನಂತಿದ್ದರು. "ಎಷ್ಟು ಕುಡಿದಿದ್ದರು?" ಎಂದು ಕೇಳಿದರು. "ಒಂದೆರಡು ಪೆಗ್ಗು ಸ್ವಾಮಿ" ಎಂದ ತಮ್ಮ. ಅವನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಅವಳು ಅವನನ್ನು ನೋಡಲಿಲ್ಲ, ನನ್ನ ಕಡೆ ತಿರುಗಿ, "ನೀವು ಓದ್ದೋರು. ನಿಜ ಯೋಳ್ಬುಡಿ ಬಾವ" ಎಂದಳು.

ಒಂದು ಕ್ಷಣ ನನ್ನ ಬಾಯಿ ಕಟ್ಟಿತು. ನಿಜ ಹೇಳಿದರೆ ತಮ್ಮನ ಮಾನ ಹೋಗುತ್ತದೆ. ಅವನದಕ್ಕಿಂತ ಮುಂಚೆ ನನ್ನದು. ಆದರೂ ಹೇಳಿದೆ: "ಮುಕ್ಕಾಲು ಬಾಟಲಿ ಡಾಕ್ಟರೇ. ದುಡ್ಡು ಕೊಟ್ಟವನು ನಾನು. ಇದು ಮೊದಲ ಸಲವೂ ಅಲ್ಲ." ತಮ್ಮ ಗೋಡೆಯ ಕಡೆ ಮುಖ ತಿರುಗಿಸಿದ.

ವೈದ್ಯರು ನಿಧಾನವಾಗಿ ವಿವರಿಸಿದರು. ಎದೆಯ ಮೇಲಿನ ಕೋಣೆಗಳು ಒಟ್ಟಾಗಿ ಕುಗ್ಗುವುದನ್ನು ಬಿಟ್ಟು ಚಳಿಗೆ ಸಿಕ್ಕಿದಂತೆ ನಡುಗುತ್ತಿವೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹಬ್ಬದಲ್ಲಿಯೋ ರಜೆಯಲ್ಲಿಯೋ ಒಂದೇ ಏಟಿಗೆ ಹೆಚ್ಚು ಕುಡಿದವರಲ್ಲಿ ಹೀಗಾಗುವುದನ್ನು 1978ರಲ್ಲಿ ಅಮೆರಿಕದ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು ಗುರುತಿಸಿ "ಹಾಲಿಡೇ ಹಾರ್ಟ್" ಎಂದು ಹೆಸರಿಟ್ಟರು. ಅನೇಕರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸರಿಹೋಗದೆ ಉಳಿದರೆ, ನೆತ್ತರು ಒಳಗೇ ನಿಂತು ಗರಣೆಗಟ್ಟಿ, ಗರಣೆ ಮಿದುಳಿಗೆ ಏರಿ ಲಕ್ವ ಹೊಡೆಯಬಹುದು. ನಾನು ಪಂಡಿತನಂತೆ, "ಬಡಿತದಲ್ಲಿ ಏರಿಳಿತ ಇದ್ದರೆ ಒಳ್ಳೆಯದಲ್ಲವೆ?" ಎಂದು ಕೇಳಿದೆ. ಅವರು ನಕ್ಕರು. "ಉಸಿರಿನೊಡನೆ ಲಯ ಬಾಗುವುದು ಬೇರೆ ಸಾರ್, ತಾಳವೇ ತಪ್ಪುವುದು ಬೇರೆ. ನೀವು ಕನ್ನಡ ಮೇಷ್ಟರು, ಛಂದಸ್ಸು ಗೊತ್ತಿರಬೇಕು." ಗೊತ್ತಿತ್ತು; ರಗಳೆ ಓಡುವುದಕ್ಕೂ ಮಾತ್ರೆ ಕೆಡುವುದಕ್ಕೂ ಇರುವ ಅಂತರ ಅದು.

ಬೆಳಗಿನ ಜಾವಕ್ಕೆ ತಮ್ಮನ ಲಯ ತಾನಾಗಿ ಹಳಿಗೆ ಬಂತು. ಆಸ್ಪತ್ರೆಯಲ್ಲಿ ಇನ್ನೊಂದು ಹಗಲು, ಇನ್ನೊಂದು ರಾತ್ರಿ ಇರಿಸಿಕೊಂಡರು. ಎರಡನೆಯ ರಾತ್ರಿ ನಾನು ಬೆಂಚಿನ ಮೇಲೆ ಒರಗಿ ಅರೆನಿದ್ರೆ ಮಾಡಿದೆ. ತೊಟ್ಟು ಮದ್ಯ ಮುಟ್ಟಿರಲಿಲ್ಲ, ಕಾಫಿಯನ್ನೂ ಕುಡಿದಿರಲಿಲ್ಲ. ಬೆಳಿಗ್ಗೆ ಅಭ್ಯಾಸಬಲದಿಂದ ಮಣಿಕಟ್ಟು ನೋಡಿದೆ. 19. ಕುಡಿದ ರಾತ್ರಿಗಳಿಗಿಂತ ಒಂದು ಅಂಕ ಕಡಿಮೆ.

ಆ ಬೆಂಚಿನ ಮೇಲೆ ನನಗೆ ತಿಳಿದದ್ದು ಇಷ್ಟು: ಎದೆ ಎರಡು ಖಾತೆ ಇಡುವುದಿಲ್ಲ. ಮದ್ಯದ ಖರ್ಚು ಬೇರೆ, ಭಯದ ಖರ್ಚು ಬೇರೆ ಎಂದು ಬರೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಹಗ್ಗದಿಂದ ಕಳೆಯುತ್ತದೆ. ಭಯ, ಕೋಪ, ಚಿಂತೆಗಳು ವೇಗಸ್ ನರದ ಹಿಡಿತವನ್ನು ಸಡಿಲಿಸಿ ಚಾವಟಿಯವನನ್ನು ಕರೆಯುತ್ತವೆ. ಮದ್ಯ ಮಾಡುವುದೂ ಅದನ್ನೇ. ಸಾಲದ ಭಯವನ್ನು ಮರೆಯಲು ನನ್ನ ತಮ್ಮ ಕುಡಿಯುತ್ತಿದ್ದ. ಮನಸ್ಸು ಮರೆಯುತ್ತಿತ್ತು, ನಿಜ. ಎದೆ ಮಾತ್ರ ಆ ಕುಡಿತವನ್ನೂ ಇನ್ನೊಂದು ಭಯವೆಂದೇ ಓದಿಕೊಂಡು ರಾತ್ರಿಯೆಲ್ಲ ಓಡುತ್ತಿತ್ತು.

ಇನ್ನೊಂದು ಮಾತೂ ತಿಳಿಯಿತು. ಅದು ಹೆಚ್ಚು ನೋಯಿಸಿತು. ನಮ್ಮ ತಂದೆ ಸಾರಾಯಿ ಕುಡಿಯುತ್ತಿದ್ದರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಅದನ್ನು ನೋಡಲು ಅವರು ಉಳಿದಿರಲಿಲ್ಲ. ಸಂಜೆ ಅವರು ಬರುವ ಹೊತ್ತಿಗೆ ಅವ್ವ ಒಲೆಯ ಮುಂದೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಹೊಸಲಿನಾಚೆ ಬೀಳುವ ಹೆಜ್ಜೆಯ ಸದ್ದಿನಲ್ಲೇ ಇವತ್ತು ಎಷ್ಟು ಎಂದು ಅವಳಿಗೆ ಗೊತ್ತಾಗುತ್ತಿತ್ತು. ನಾವಿಬ್ಬರು ಹುಡುಗರು ಅವಳ ಮುಖ ನೋಡಿ ತಿಳಿಯುತ್ತಿದ್ದೆವು. ಕುಡಿದವರು ಒಬ್ಬರು; ಆ ಮನೆಯಲ್ಲಿ ಬೆಲೆ ತೆತ್ತ ಎದೆಗಳು ನಾಲ್ಕು. ರಾಜರತ್ನಂ ಅವರ 'ರತ್ನನ ಪದಗಳ'ನ್ನು ಪಾಠ ಮಾಡುವಾಗ ತರಗತಿ ನಗುತ್ತದೆ, ನಾನೂ ನಗುತ್ತೇನೆ. ತಾವು ಹೆಂಡ ಮುಟ್ಟದೆ ಆ ಕವಿ ಕುಡುಕನ ಎದೆಯನ್ನು ಅಷ್ಟು ಚೆನ್ನಾಗಿ ಬಲ್ಲರು. ಆದರೆ ಈ ವರ್ಷ ಪಾಠ ಮಾಡುವಾಗ ನನ್ನ ಮನಸ್ಸು ರತ್ನನನ್ನು ಬಿಟ್ಟು, ಮನೆಯಲ್ಲಿ ಕಾದಿರುವ ಪುಟ್ನಂಜಿಯ ಕಡೆಗೆ ಹೋಯಿತು.

ಮನೆಗೆ ಬಂದು ಹೆಂಡತಿಗೆ "ಸಾಹಿತ್ಯ ಪರಿಷತ್ತಿನ" ವೃತ್ತಾಂತವನ್ನೆಲ್ಲ ಹೇಳಿದೆ. "ಪರಿಷತ್ತಿನಲ್ಲಿ ಅಷ್ಟೊಂದು ಏಲಕ್ಕಿ ಹಂಚುವುದಿಲ್ಲ ಎಂದು ನನಗೂ ಗೊತ್ತಿತ್ತು" ಎಂದಳು. ಅಷ್ಟೆ. ನಾನು ಬಿಟ್ಟೆ, ಅದರಲ್ಲಿ ಶೌರ್ಯವೇನೂ ಇಲ್ಲ, ಹೆದರಿಕೆಯಿತ್ತು.

ತಮ್ಮ ಮಾತ್ರ ನನ್ನೊಡನೆ ಮಾತು ಬಿಟ್ಟ. ಎಲ್ಲರೆದುರಿಗೆ ಹೇಳಿದೆನೆಂಬ ಕೋಪ. ದೀಪಾವಳಿಗೆ ಬರಲಿಲ್ಲ. ಅವನ ಹೆಂಡತಿ ಆಗಾಗ ಫೋನು ಮಾಡಿ, ಮಾತ್ರೆ ನುಂಗುತ್ತಾನೆ, ಕುಡಿದಿಲ್ಲ, ಒಂದು ದಿನ ಕುಡಿದ, ಮತ್ತೆ ಇಲ್ಲ ಎಂದು ವರದಿ ಕೊಡುತ್ತಿದ್ದಳು. ಆಸ್ಟ್ರೇಲಿಯದಲ್ಲಿ ಇದೇ ಕಾಯಿಲೆಯಿದ್ದ 140 ಜನ ಮದ್ಯಪಾನಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಎಂದಿನಂತೆ ಕುಡಿದವರಲ್ಲಿ ನೂರಕ್ಕೆ 73 ಜನರಿಗೆ ಆರು ತಿಂಗಳೊಳಗೆ ತಾಳ ಮತ್ತೆ ತಪ್ಪಿತು; ಬಿಡಲು ಒಪ್ಪಿದವರಲ್ಲಿ 53 ಜನರಿಗೆ. ಬಿಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ, ಆದರೆ ಬಿಡುವುದು ವ್ಯರ್ಥವೂ ಅಲ್ಲ. ಆ ಇಪ್ಪತ್ತು ಜನರಲ್ಲಿ ನನ್ನ ತಮ್ಮನೂ ಒಬ್ಬನಾಗಲಿ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ.

ಆ ದಿನಗಳಲ್ಲಿ ಒಂದು ಸಂಜೆ ಬೈಲುಕುಪ್ಪೆಗೆ ಹೋಗಿದ್ದೆ. 1960ರ ದಶಕದ ಆರಂಭದಿಂದ ಟಿಬೆಟ್ಟಿನವರು ಅಲ್ಲಿ ನೆಲೆಸಿದ್ದಾರೆ. ಮುದುಕಿಯೊಬ್ಬಳು ಮಣಿ ಎಣಿಸುತ್ತ ನೀಳವಾಗಿ ಮಂತ್ರ ಹೇಳುತ್ತಿದ್ದಳು. 2001ರಲ್ಲಿ ಇಟಲಿಯ ಬರ್ನಾರ್ಡಿ ಎಂಬ ವೈದ್ಯರು ಮತ್ತು ಸಂಗಡಿಗರು, ಕ್ರೈಸ್ತರ ಜಪವನ್ನೂ ಈ ಮಣಿಮಂತ್ರವನ್ನೂ ಹೇಳಿಸಿ ಅಳೆದಿದ್ದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ಆ ನಡಿಗೆಯಲ್ಲಿ ಎದೆಯ ಏರಿಳಿತ ತುಂಬಿ ಬರುತ್ತದೆ. ಎಲ್ಲ ಉಸಿರಾಟವೂ ಒಂದೇ ಅಲ್ಲ: ಬೆಂಗಳೂರಿನ ಯೋಗ ಸಂಶೋಧಕರು 1998ರಲ್ಲಿ ಕಪಾಲಭಾತಿಯನ್ನು ಪರೀಕ್ಷಿಸಿದಾಗ, ವೇಗಸ್ ನರದ ಗುರುತು ಹೆಚ್ಚುವ ಬದಲು ತಗ್ಗಿತ್ತು. ನಾನು ಮುದುಕಿಯ ಪಕ್ಕದಲ್ಲಿ ಕುಳಿತು, ಮಂತ್ರವಿಲ್ಲದೆ, ಬರಿಯ ಉಸಿರನ್ನು ಅವಳ ಉಸಿರಿಗೆ ಹೊಂದಿಸಿಕೊಂಡೆ.

ಸಂಕ್ರಾಂತಿಯ ಹಿಂದಿನ ದಿನ ತಮ್ಮನ ಫೋನು ಬಂತು. ಮೂರು ತಿಂಗಳ ಮೇಲೆ. "ಅಣ್ಣಯ್ಯ, ಚುಂಚನಕಟ್ಟೆ ಜಾತ್ರೆಗೆ ಬತ್ತೀಯಾ? ಎತ್ತು ನೋಡ್ಬೇಕು."

ಹೋದೆ. ಕೃಷ್ಣರಾಜನಗರದ ಕಡೆಯ ಆ ದನಗಳ ಜಾತ್ರೆ ಅವನಿಗೂ ನನಗೂ ಚಿಕ್ಕಂದಿನದು. ಕಾವೇರಿ ಬಂಡೆಗಳ ಮೇಲೆ ಸದ್ದು ಮಾಡುತ್ತಿತ್ತು. ಅವನು ಹಲ್ಲು ನೋಡಿ, ಗೊರಸು ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ಆಸ್ಪತ್ರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊಸ ಜೋಡಿಯ ಹಗ್ಗ ಹಿಡಿದು ನಡೆಯುತ್ತಿದ್ದಾಗ ಥಟ್ಟನೆ, "ನಿನ್ ಗಡಿಯಾರ ಎದೆ ಲೆಕ್ಕ ಯೋಳ್ತದಂತಲ್ಲ, ನಂಗೂ ಒಂದಿನ ಕೊಡು ನೋಡೋವ" ಎಂದು ಕೈ ನೀಡಿದ. ಬಿಚ್ಚಿ ಕಟ್ಟಿದೆ.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಫೋನು. "ಇಪ್ಪತ್ತೇಳು ಅಂತದೆ. ಪಾಸೋ ಫೇಲೋ ಮೇಷ್ಟ್ರೆ?" ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸಬಾರದು, ವಯಸ್ಸಿಗೂ ಮೈಗೂ ತಕ್ಕಂತೆ ಅದು ಬೇರೆ ಬೇರೆ, ನಿನ್ನದನ್ನು ನಿನ್ನ ನಿನ್ನೆಯದಕ್ಕೆ ಮಾತ್ರ ಹೋಲಿಸಬೇಕು, ವೈದ್ಯರ ಬದಲಿಗೆ ಇದನ್ನು ನಂಬಬೇಡ ಎಂದೆಲ್ಲ ಪಾಠ ಹೇಳಿದೆ. "ಹಂಗಾರೆ ನಾಳೇದ್ನೂ ನೋಡ್ಬೇಕು" ಎಂದ.

ಗಡಿಯಾರ ಇನ್ನೂ ಅವನ ಕೈಯಲ್ಲಿದೆ, ಹಿಂದಕ್ಕೆ ಕೇಳಿಲ್ಲ. ದಿನವೂ ಆರು ಗಂಟೆಗೆ ಅಂಕಿ ಹೇಳುತ್ತಾನೆ: ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತೆರಡು. ಒಂದೊಂದು ದಿನ ಆರು ದಾಟಿ ಆರೂವರೆಯಾದರೂ ಫೋನು ಬರುವುದಿಲ್ಲ. ನಾನು ಕಾಫಿಯ ಲೋಟ ಕೆಳಗಿಟ್ಟು, ಕೈ ನಿಲ್ಲಿಸಿ ಕಿವಿಗೊಡುತ್ತೇನೆ - ಒಲೆಯ ಮುಂದೆ ನಮ್ಮ ಅವ್ವ ಕುಳಿತಿರುತ್ತಿದ್ದ ಹಾಗೆ.